ಕಾಗದದ ಮೇಲೊಂದು ಹೆಸರು

(ಕಾರ್ಮಿಕರ ಸಂಜೆಯ ತರಗತಿಯಲ್ಲಿ ಮಾಡಿದ ಭಾಷಣ)



ಹೋದ ವಾರ ಗೇಟ್ ಸಭೆ ಮುಗಿದ ಮೇಲೆ ಹಿರಿಯ ಕೆಲಸಗಾರರೊಬ್ಬರು ನನ್ನನ್ನು ತಡೆದು, “ಮೇಷ್ಟ್ರೇ, ಗಂಡಸು ಗಂಡಸನ್ನು ಮದುವೆಯಾಗುವ ವಿಚಾರ ನಮಗೇಕೆ? ಕೂಲಿ, ಬೋನಸ್ಸಿನ ಮಾತಾಡಿ” ಎಂದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳುವುದು ನನ್ನ ಕರ್ತವ್ಯ.

ಮಿಲ್ಲಿನಲ್ಲಿ ದುಡಿದವನು ತೀರಿಕೊಂಡರೆ ಅವನ ಪ್ರಾವಿಡೆಂಟ್ ಫಂಡಿಗಾಗಿ ಹೆಂಡತಿ ಎಷ್ಟು ಬಾಗಿಲು ಅಲೆಯುತ್ತಾಳೆಂಬುದು ನಿಮಗೆ ಗೊತ್ತು. “ನೀನು ಅವನಿಗೆ ಏನಾಗಬೇಕು? ಕಾಗದ ತೋರಿಸು” ಎಂಬುದೇ ಮೊದಲ ಪ್ರಶ್ನೆ. ಅಮೆರಿಕದ ಒಹಾಯೊ ರಾಜ್ಯದ ಜಿಮ್ ಓಬರ್ಗಫೆಲ್ ಹೋರಾಡಿದ್ದು ಇಂತಹ ಕಾಗದಕ್ಕಾಗಿಯೇ. ಇಪ್ಪತ್ತು ವರ್ಷ ಜೊತೆಗೆ ಬಾಳಿದ ಜಾನ್ ಆರ್ಥರ್, ಮೈಯ ಸ್ವಾಧೀನ ತಪ್ಪಿಸುವ ರೋಗದಿಂದ ಹಾಸಿಗೆ ಹಿಡಿದಿದ್ದರು. ಅವರ ರಾಜ್ಯದಲ್ಲಿ ಈ ಮದುವೆಗೆ ಅವಕಾಶವಿರಲಿಲ್ಲ. 2013ರ ಜುಲೈಯಲ್ಲಿ ರೋಗಿಗಳನ್ನು ಸಾಗಿಸುವ ವಿಮಾನದಲ್ಲಿ ಮೇರಿಲ್ಯಾಂಡಿಗೆ ಹೋಗಿ, ವಿಮಾನದೊಳಗೇ ಮದುವೆಯಾದರು. ಅಕ್ಟೋಬರಿನಲ್ಲಿ ಜಾನ್ ತೀರಿಕೊಂಡರು. ಮರಣಪತ್ರದಲ್ಲಿ ತನ್ನನ್ನು ಬಾಳಸಂಗಾತಿಯೆಂದು ಬರೆಯಬೇಕು. ಜಿಮ್ ಹೂಡಿದ ದಾವೆ ಇಷ್ಟೇ. 2015ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ, ಇಂತಹ ಮದುವೆ ದೇಶದಾದ್ಯಂತ ಸಿಂಧುವೆಂದು ಸಾರಿತು.

ಆ ತೀರ್ಪಿನ ಬೆನ್ನಿಗೆ ಇನ್ನೊಂದು ತೀರ್ಪಿತ್ತು. 1958ರಲ್ಲಿ ವರ್ಜೀನಿಯಾದ ಗಾರೆ ಕೆಲಸದ ಬಿಳಿಯ ರಿಚರ್ಡ್ ಲವಿಂಗ್ ಮತ್ತು ಕಪ್ಪು ಹೆಣ್ಣುಮಗಳು ಮಿಲ್ಡ್ರೆಡ್, ವಾಷಿಂಗ್ಟನ್ನಿನಲ್ಲಿ ಮದುವೆಯಾಗಿ ಊರಿಗೆ ಬಂದರು. ಒಂದು ರಾತ್ರಿ ಪೊಲೀಸರು ಮಲಗುವ ಕೋಣೆಗೇ ನುಗ್ಗಿದರು. ಗೋಡೆಯ ಮೇಲಿದ್ದ ಮದುವೆಯ ಪತ್ರ ಇಲ್ಲಿ ನಡೆಯದು ಎಂದರು. ಬಣ್ಣಗಳು ಬೆರೆಯಬಾರದೆಂದೇ ದೇವರು ಜನರನ್ನು ಬೇರೆ ಬೇರೆ ಖಂಡಗಳಲ್ಲಿಟ್ಟನೆಂದು ನ್ಯಾಯಾಧೀಶನೇ ಬರೆದ! ನಮ್ಮಲ್ಲಿ ವರ್ಣಸಂಕರವೆಂದು ಹೆದರಿಸುವವರ ಮಾತೂ ಇದೇ ಅಲ್ಲವೇ? ಇಪ್ಪತ್ತೈದು ವರ್ಷ ರಾಜ್ಯ ಬಿಟ್ಟಿರಬೇಕೆಂಬ ಷರತ್ತಿನ ಮೇಲೆ ಅವರಿಗೆ ಜೈಲು ತಪ್ಪಿತು. 1967ರ ಜೂನ್ 12ರಂದು ಸುಪ್ರೀಂ ಕೋರ್ಟು ಆ ಕಾನೂನನ್ನು ಒಮ್ಮತದಿಂದ ರದ್ದುಮಾಡಿತು. ನಲವತ್ತು ವರ್ಷಗಳ ನಂತರ, 2007ರಲ್ಲಿ, ಅದೇ ಮಿಲ್ಡ್ರೆಡ್ ತಾಯಿ ಗಂಡು-ಗಂಡು, ಹೆಣ್ಣು-ಹೆಣ್ಣು ಜೋಡಿಗಳಿಗೂ ಮದುವೆಯ ಹಕ್ಕು ಸಲ್ಲಬೇಕೆಂದು ಹೇಳಿಕೆ ಕೊಟ್ಟರು.

1963ರ ಆಗಸ್ಟ್ 28ರಂದು ಕೆಲಸ ಮತ್ತು ಸ್ವಾತಂತ್ರ್ಯ ಕೇಳಿ ಎರಡೂವರೆ ಲಕ್ಷ ಜನ ವಾಷಿಂಗ್ಟನ್ನಿನಲ್ಲಿ ಸೇರಿದರು. ಅದನ್ನು ಸಂಘಟಿಸಿದವರು ಬೇಯಾರ್ಡ್ ರಸ್ಟಿನ್. ಗಾಂಧೀಮಾರ್ಗ ಕಲಿಯಲು ಭಾರತಕ್ಕೂ ಬಂದಿದ್ದ ಸಮಾಜವಾದಿ. ಅವರು ಗಂಡಸರನ್ನು ಪ್ರೀತಿಸುವವರೆಂದು ಒಬ್ಬ ಸೆನೆಟರು ಸಭೆಯಲ್ಲೇ ಹಳಿದ. ರೈಲ್ವೆ ನೌಕರರ ಸಂಘ ಕಟ್ಟಿದ ಹಿರಿಯ ನಾಯಕ ಫಿಲಿಪ್ ರ‍್ಯಾಂಡಾಲ್ಫ್ ರಸ್ಟಿನ್ನರ ಕೈ ಬಿಡಲಿಲ್ಲ. ಹಾಗಿದ್ದರೂ ರಸ್ಟಿನ್ನರಿಗೆ ಮದುವೆಯ ಹಕ್ಕು ಸಿಗಲಿಲ್ಲ. ಸಂಗಾತಿಗೆ ಕಾನೂನಿನ ಆಸರೆ ಇರಲೆಂದು 1982ರಲ್ಲಿ ಅವರನ್ನು ದತ್ತು ತೆಗೆದುಕೊಳ್ಳಬೇಕಾಯಿತು! ನಮ್ಮ ಡಾ. ಲೋಹಿಯಾ 1964ರಲ್ಲಿ ಜಾಕ್ಸನ್ ಊರಿನ ಬಿಳಿಯರ ಹೋಟೆಲಿಗೆ ಹೋಗಿ ಬಂಧನಕ್ಕೊಳಗಾದದ್ದೂ ಕಪ್ಪು ಜನರ ಆ ಹೋರಾಟದ ಕಾಲದಲ್ಲೇ.

ಎರಡು ನೋವುಗಳೂ ಒಂದೇ ಎಂದು ನಾನು ಹೇಳಲಾರೆ. ಕಪ್ಪು ಜನರನ್ನು ಸಂತೆಯ ದನಗಳಂತೆ ಮಾರಿದ ಚರಿತ್ರೆ ಬೇರೆಯೇ. ಆದರೆ ಇಬ್ಬರಿಗೂ ಬಾಗಿಲು ಮುಚ್ಚಿದವರ ಮಾತು ಒಂದೇ: ದೇವರು ಒಪ್ಪುವುದಿಲ್ಲ, ಪದ್ಧತಿ ಒಪ್ಪುವುದಿಲ್ಲ.

ನಮ್ಮ ದೇಶದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟು ಇಂತಹ ಪ್ರೀತಿ ಅಪರಾಧವಲ್ಲವೆಂದಿತು. 2023ರಲ್ಲಿ, ಮದುವೆಯ ಹಕ್ಕು ಕೊಡುವುದು ಶಾಸನಸಭೆಯ ಕೆಲಸವೆಂದು ಹಿಂದೆ ಸರಿಯಿತು. ಶಾಸನಸಭೆಗೆ ಆಳುಗಳನ್ನು ಕಳಿಸುವವರು ಯಾರು? ನೀವೇ.

ಆದುದರಿಂದ ಆ ಹಿರಿಯರಿಗೆ ನನ್ನ ಉತ್ತರ ಇಷ್ಟೇ: ದುಡಿಯುವವರಲ್ಲಿ ಇಂಥವರೂ ಇದ್ದಾರೆ, ಪಕ್ಕದ ಮಗ್ಗದಲ್ಲೇ ಇರಬಹುದು. ನಾಳೆ ಅವರಲ್ಲೊಬ್ಬರು ತೀರಿಕೊಂಡರೆ ಉಳಿದವರನ್ನು “ನೀನು ಏನಾಗಬೇಕು?” ಎಂದು ಕೇಳುವ ಗುಮಾಸ್ತನ ಮುಂದೆ ಸಂಘ ಅವರ ಜೊತೆ ನಿಲ್ಲಬೇಕು. ಓಬರ್ಗಫೆಲ್ ಗೆದ್ದ ದಿನವನ್ನು ನಾವು ಸಂತೋಷದಿಂದ ನೆನೆಯುವುದು ಅದಕ್ಕಾಗಿ.

ಬೋನಸ್ಸಿನ ಸಭೆ ಬರುವ ಭಾನುವಾರ. ಎಲ್ಲರೂ ಬನ್ನಿ.