ಶಾಖಕ್ಕೂ ಒಂದು ಇಳಿಜಾರು ಉಂಟು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಕಂಪ್ಯೂಟರ್ ಬಗ್ಗೆ ಮಾತನಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಎಂಜಿನ್ ಮತ್ತು ಫ್ರಿಜ್ ಬಗ್ಗೆ ಮಾತನಾಡುತ್ತೇನೆ. ಅದಕ್ಕೆ ಕಾರಣವಿದೆ. ಮೋಟಾರು ಡೈನಮೋ ತಿರುಗಿಸುತ್ತದೆ, ಆ ಡೈನಮೋ ಕೊಡುವ ಕರೆಂಟಿನಿಂದಲೇ ಮೋಟಾರು ಓಡುತ್ತದೆ, ಮಿಕ್ಕಿದ್ದರಲ್ಲಿ ಪಂಪ್‌ಸೆಟ್ಟೂ ನಡೆಯುತ್ತದೆ ಎನ್ನುವ ವಿಡಿಯೊಗಳು ಮೊಬೈಲಿನಲ್ಲಿ ಬರುತ್ತವೆ. ಹಬ್ಬಕ್ಕೆ ಊರಿಗೆ ಬಂದಾಗ ಕೆಲವರು ತೋರಿಸಿ, ದುಡ್ಡು ಕೊಟ್ಟು ತರಿಸಬಹುದೇ ಎಂದು ಕೇಳಿದ್ದಾರೆ. ನನ್ನ ಉತ್ತರ ಇದು.

ನೀರು ತಾನಾಗಿ ಇಳಿಜಾರಿಗೆ ಹರಿಯುತ್ತದೆ. ಹಾಗೆಯೇ ಶಾಖ ತಾನಾಗಿ ಬಿಸಿಯಾದ ಕಡೆಯಿಂದ ತಣ್ಣನೆಯ ಕಡೆಗೆ ಮಾತ್ರ ಹರಿಯುತ್ತದೆ. ಲೋಟದ ಕಾಫಿ ಆರುತ್ತದೆ. ಆರಿದ ಕಾಫಿ ಗಾಳಿಯಿಂದ ಶಾಖ ಎಳೆದುಕೊಂಡು ಮತ್ತೆ ಕುದಿಯುವುದಿಲ್ಲ. ಇದೇ ಥರ್ಮೋಡೈನಾಮಿಕ್ಸ್‌ನ ಎರಡನೆಯ ನಿಯಮ.

ಹರಿಯುವ ನೀರು ಚಕ್ರ ತಿರುಗಿಸುವಂತೆ ಹರಿಯುವ ಶಾಖ ಎಂಜಿನ್ ಓಡಿಸುತ್ತದೆ. ಫ್ರಾನ್ಸಿನ ಸಾದಿ ಕಾರ್ನೊ ಎಂಬ ಎಂಜಿನಿಯರ್ 1824ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಇದನ್ನು ಪುಸ್ತಕವಾಗಿ ಬರೆದ. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ಶಾಖವನ್ನು ತಣ್ಣನೆಯ ಕಡೆಗೆ ಬಿಟ್ಟುಕೊಡಲೇಬೇಕು. ಎಷ್ಟು ಎಂಬುದನ್ನು ಎರಡು ಕಡೆಯ ಉಷ್ಣತೆಗಳೇ ತೀರ್ಮಾನಿಸುತ್ತವೆ.

ಕಲ್ಲಿದ್ದಲಿನಿಂದ ಕರೆಂಟು ಮಾಡುವ ಸ್ಥಾವರವನ್ನು ತೆಗೆದುಕೊಳ್ಳಿ. ಹಬೆ 540 ಡಿಗ್ರಿ, ತಣಿಸುವ ಕಡೆ 40 ಡಿಗ್ರಿ ಎನ್ನೋಣ. ಕೆಲ್ವಿನ್ ಲೆಕ್ಕದಲ್ಲಿ 813 ಮತ್ತು 313. ಅಂತರ 500. ಅದನ್ನು 813ರಿಂದ ಭಾಗಿಸಿದರೆ ನೂರಕ್ಕೆ ಸುಮಾರು 61. ಒಂದಿಷ್ಟೂ ಸವೆತ, ಸೋರಿಕೆ ಇಲ್ಲದ ಯಂತ್ರಕ್ಕೂ ಅದೇ ಮಿತಿ. ನಿಜವಾದ ಸ್ಥಾವರಗಳಲ್ಲಿ ಸಿಗುವುದು ಮೂರನೇ ಒಂದು ಭಾಗದ ಆಸುಪಾಸು. ರಾಯಚೂರಿನ ಶಾಖೋತ್ಪನ್ನ ಸ್ಥಾವರ ಕೃಷ್ಣಾ ನದಿಯ ದಡದಲ್ಲಿರುವುದು ಸುಮ್ಮನೆ ಅಲ್ಲ. ಉಳಿದ ಶಾಖವನ್ನು ಹೊರಹಾಕಲು ನೀರು ಬೇಕೇ ಬೇಕು.

ಫ್ರಿಜ್ ಇದರ ತಿರುಗುಮುರುಗು. ಪಂಪು ನೀರನ್ನು ಮೇಲೆತ್ತುವಂತೆ ಅದರ ಕಂಪ್ರೆಸರ್ ಕರೆಂಟು ತಿಂದು ಒಳಗಿನ ಶಾಖವನ್ನು ಹೊರಗಿನ ಬಿಸಿ ಕೋಣೆಗೆ ಎತ್ತಿಹಾಕುತ್ತದೆ. ಹಾಗಾಗಿ ಫ್ರಿಜ್ ಬಾಗಿಲು ತೆರೆದಿಟ್ಟರೆ ಅಡುಗೆಮನೆ ತಂಪಾಗುವುದಿಲ್ಲ, ಒಟ್ಟಿನಲ್ಲಿ ಇನ್ನಷ್ಟು ಬಿಸಿಯಾಗುತ್ತದೆ. ಅದರ ಹಿಂಬದಿಗೆ ಗಾಳಿಯಾಡಲು ಜಾಗ ಬಿಡಿ ಎನ್ನುವುದೂ ಇದಕ್ಕೇ. ನಮ್ಮ ಕೆಲಸದಲ್ಲೂ ಇದೇ ಕಥೆ: ಸರ್ವರ್‌ಗಳು ತಿಂದ ಕರೆಂಟು ಕೊನೆಗೆ ಶಾಖವೇ ಆಗುತ್ತದೆ, ಅದನ್ನು ಹೊರಹಾಕಲು ಮತ್ತೆ ಕರೆಂಟು ಬೇಕು.

ಈಗ ಆ ವಿಡಿಯೊಗೆ ಬರೋಣ. ಮೋಟಾರಿಗೆ 100 ಪಾಲು ಕರೆಂಟು ಕೊಟ್ಟರೆ 90 ಪಾಲು ತಿರುಗುವ ಶಕ್ತಿ ಬಂತು ಎಂದುಕೊಳ್ಳಿ. ಡೈನಮೋ ಅದರಲ್ಲಿ ನೂರಕ್ಕೆ 90 ಉಳಿಸಿದರೆ ಕೈಗೆ ಬರುವುದು 81. ಕಳೆದ 19 ಪಾಲು ಶಾಖವಾಗಿ ಗಾಳಿಗೆ ಸೇರಿತು. ಅದನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯಲು ಎರಡನೆಯ ನಿಯಮ ಬಿಡುವುದಿಲ್ಲ. ಪಂಪ್‌ಸೆಟ್ ಹಾಗಿರಲಿ, ಮೋಟಾರೇ ಸ್ವಲ್ಪ ಹೊತ್ತಿನಲ್ಲಿ ನಿಲ್ಲುತ್ತದೆ. ಓಡುತ್ತಲೇ ಇದ್ದರೆ ಎಲ್ಲೋ ಬ್ಯಾಟರಿಯೋ ವೈರೋ ಅಡಗಿದೆ ಎಂದೇ ಅರ್ಥ. ಪ್ರಕೃತಿ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದುದಕ್ಕೆ ಪೇಟೆಂಟ್ ಇಲ್ಲ ಎಂದು ನಮ್ಮ ದೇಶದ 1970ರ ಪೇಟೆಂಟ್ ಕಾಯ್ದೆಯೇ ಹೇಳುತ್ತದೆ.

ಸೋಲಾರ್ ಪಂಪು ಇಂಥದ್ದಲ್ಲ. ಅದಕ್ಕೆ ಸೂರ್ಯನಿಂದ ಶಕ್ತಿ ಬರುತ್ತದೆ. ಆದ್ದರಿಂದ ಯಾವ ಯಂತ್ರ ತೋರಿಸಿದರೂ ಎರಡೇ ಪ್ರಶ್ನೆ ಕೇಳಿ: ಶಕ್ತಿ ಎಲ್ಲಿಂದ ಬರುತ್ತದೆ? ಶಾಖ ಎಲ್ಲಿಗೆ ಹೋಗುತ್ತದೆ? ಉತ್ತರ ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಮಕ್ಕಳೇ, ವಿಜ್ಞಾನ ಪರೀಕ್ಷೆಯ ಅಂಕಕ್ಕೆ ಮಾತ್ರ ಅಲ್ಲ. ಮನೆಯ ದುಡ್ಡನ್ನೂ ಕಾಯುತ್ತದೆ. ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳುವವರು ನೀವಾಗಿ. ಈ ಶಾಲೆ ಐವತ್ತು ವರ್ಷ ಕಲಿಸಿದ್ದು ಇದನ್ನೇ.