ಹಾಡುವ ಮೊದಲು ಕೇಳಿದವರು



ರೋಣ, ನರಗುಂದ, ಗಜೇಂದ್ರಗಡದ ಕಡೆ ಶುಕ್ರವಾರ ಬೆಳಿಗ್ಗೆ ಪುರಂದರದಾಸರ ಲಕ್ಷ್ಮೀ ಪದ ಕಿವಿಗೆ ಬಿದ್ದರೆ, ದನಿ ಯಾರದೆಂದು ಯಾರೂ ವಿಚಾರಿಸುವುದಿಲ್ಲ. ಪಂಡಿತ ಭೀಮಸೇನ ಜೋಶಿ. 1922ರಲ್ಲಿ ಅವರು ಹುಟ್ಟಿದ್ದು ಇದೇ ರೋಣದಲ್ಲಿ.

ನಾನು ಅವರ ಅಭಿಮಾನಿ. ನಮ್ಮ ಮನೆಯಲ್ಲಿ ಅವರ ಕ್ಯಾಸೆಟ್ ಹಾಕಿದರೆ ಅಪ್ಪ ಮಾತು ನಿಲ್ಲಿಸುತ್ತಿದ್ದರು. ತಾನ ಏರಿದಂತೆ ಅವರ ಕೈಯೂ ತಾನಾಗಿ ಏಳುತ್ತಿತ್ತು. ಅಡುಗೆಮನೆಯಿಂದ ಅವ್ವ ನಗುತ್ತಿದ್ದಳು.

ಆದರೆ ನನಗೆ ಹೆಚ್ಚು ಇಷ್ಟವಾಗುವುದು ಅಭಿಮಾನಿ ಭೀಮಸೇನ. ಹುಡುಗನಿದ್ದಾಗ ಅವರು ಉಸ್ತಾದ್ ಅಬ್ದುಲ್ ಕರೀಂ ಖಾನರ ಒಂದು ಠುಮ್ರಿಯನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿದರು. ಹಾಗೆಯೇ ಹಾಡಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಮನೆ ಬಿಟ್ಟರು. ಗುರುವನ್ನು ಹುಡುಕುತ್ತ ಗ್ವಾಲಿಯರ್‌ವರೆಗೆ ಅಲೆದರು. ಕೊನೆಗೆ ಗುರು ಸಿಕ್ಕಿದ್ದೆಲ್ಲಿ? ನಮ್ಮ ಮಗ್ಗುಲಿನ ಕುಂದಗೋಳದಲ್ಲಿ. ಸವಾಯಿ ಗಂಧರ್ವರು. ಅವರೂ ಅದೇ ಖಾನ್ ಸಾಹೇಬರ ಶಿಷ್ಯರು!

ನಿಮ್ಮ ಮನೆಯ ಮಗು ಒಂದೇ ಹಾಡನ್ನು ಹತ್ತು ಸಲ ಹಾಕುತ್ತಿದೆಯೆ? ತಲೆನೋವು, ನಿಜ. ಯಾರ ಹಾಡು ಅದು ಅಂತ ಒಮ್ಮೆ ಕೇಳಿ ನೋಡಿ. ಮುಂದಿನ ಅರ್ಧ ಗಂಟೆ ಅದರದೇ ಮಾತು.

ಭೀಮಸೇನರಿಗೆ 2008ರಲ್ಲಿ ಭಾರತರತ್ನ ಬಂತು. ಅದಕ್ಕೆ ಎಷ್ಟೋ ಮೊದಲೇ, 1953ರಲ್ಲಿ, ಪುಣೆಯಲ್ಲಿ ಗುರುವಿನ ಹೆಸರಿನ ಸಂಗೀತೋತ್ಸವ ಶುರುಮಾಡಿದ್ದರು. ದೇಶದ ದೊಡ್ಡ ದೊಡ್ಡ ಗಾಯಕರನ್ನು ಕರೆಸಿ ಹಾಡಿಸಿದರು.