ಬೆಳಕು ನಮಗೆ, ಬೂದಿ ಅವರಿಗೆ
(ಯಲಹಂಕ ಹೋಬಳಿಯ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಗುಂಡಿ ಒತ್ತಿದೊಡನೆ ದೀಪ ಹತ್ತುತ್ತದೆ. ಕೊಳವೆ ಬಾವಿಯ ನೀರು ತೋಟಕ್ಕೆ ಹರಿಯುತ್ತದೆ. ಆ ವಿದ್ಯುಚ್ಛಕ್ತಿ ಎಲ್ಲಿಂದ ಬಂತೆಂದು ಕೇಳಿದರೆ ನಮ್ಮಲ್ಲಿ ಅನೇಕರು ಜೋಗ, ಶರಾವತಿ ಎನ್ನುತ್ತೇವೆ. ಅದು ಅರ್ಧ ನಿಜ. 1985ರಿಂದ ರಾಯಚೂರಿನ ಶಾಖೋತ್ಪನ್ನ ಕೇಂದ್ರವೂ ನಾಡಿಗೆ ಶಕ್ತಿ ಕೊಡುತ್ತಿದೆ. ಅಲ್ಲಿ ಉರಿಯುವುದು ಕಲ್ಲಿದ್ದಲು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೂದಿಯೇ. ಬೆಳಕು ತಂತಿಯ ಮೇಲೆ ನಮ್ಮ ಮನೆಗೆ ಬರುತ್ತದೆ. ಬೂದಿ ಮಾತ್ರ ಅಲ್ಲಿನ ರೈತರ ನೆರೆಯಲ್ಲಿಯೇ ಉಳಿಯುತ್ತದೆ.

ಈ ಹೊರೆಯನ್ನು ಇಳಿಸುವ ದಾರಿಯುಂಟೆ? ಉಂಟು. 2009ರಲ್ಲಿ ಕರ್ನಾಟಕ ವಿದ್ಯುತ್ ನಿಗಮವೂ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯೂ ಜೊತೆಗೂಡಿ ಒಂದು ಕಂಪನಿ ಕಟ್ಟಿ, ರಾಯಚೂರಿನ ಬಳಿ ಯರಮರಸಿನಲ್ಲಿ 800 ಮೆಗಾವಾಟಿನ 2 ಘಟಕಗಳನ್ನು ನಿಲ್ಲಿಸಿದವು. ಅಲ್ಲಿ ಹಬೆಯ ಒತ್ತಡವೂ ಕಾವೂ ಹಳೆಯ ಕೇಂದ್ರಗಳಿಗಿಂತ ಹೆಚ್ಚು. ಆದುದರಿಂದ ಅಷ್ಟೇ ವಿದ್ಯುತ್ತಿಗೆ ಕಡಿಮೆ ಕಲ್ಲಿದ್ದಲು ಸಾಕು. ಕಲ್ಲಿದ್ದಲು ಕಡಿಮೆಯಾದಷ್ಟೂ ಹೊಗೆ, ಬೂದಿ ಕಡಿಮೆ.

ನಮ್ಮ ಯಲಹಂಕದಲ್ಲಿಯೇ, ಹಿಂದೆ ಡೀಸೆಲ್ ಯಂತ್ರಗಳು ನಡೆಯುತ್ತಿದ್ದೆಡೆ, ಇದೇ ಎರಡು ಸಂಸ್ಥೆಗಳ ದುಡಿಮೆಯಿಂದ 370 ಮೆಗಾವಾಟಿನ ಅನಿಲ ಕೇಂದ್ರ ಎದ್ದು, 2024ರಲ್ಲಿ ಉದ್ಘಾಟನೆಯಾಯಿತು. ಅನಿಲ ಉರಿದು ಒಂದು ಚಕ್ರ ತಿರುಗುತ್ತದೆ. ಹೊರಬರುವ ಬಿಸಿಯಿಂದ ಹಬೆಯಾಗಿ ಇನ್ನೊಂದು ಚಕ್ರ ತಿರುಗುತ್ತದೆ. ಬೂದಿಯಿಲ್ಲ, ಇಂಗಾಲಾಮ್ಲ ಕಲ್ಲಿದ್ದಲಿನ ಸುಮಾರು ಅರ್ಧ. ಆದರೆ ಇದು ಸುಲಭವಾಗಿ ಬಂದುದಲ್ಲ. 2020ರ ಅಕ್ಟೋಬರಿನಲ್ಲಿ, ಪರೀಕ್ಷೆಯ ಕಾಲದಲ್ಲಿ, ಬೆಂಕಿ ಬಿದ್ದು ಹಲವು ಎಂಜಿನಿಯರುಗಳು ಸುಟ್ಟ ಗಾಯಗಳಿಗೆ ತುತ್ತಾದರು. ಅನಿಲದ ಬೆಲೆಯೂ ಹೆಚ್ಚು. ಹೀಗಾಗಿ ಕಲ್ಲಿದ್ದಲನ್ನು ಇಂದೇ ಬಿಡಲಾಗದು; ಅದನ್ನು ಶುಚಿಯಾಗಿ ಉರಿಸಲು ಕಲಿಯಲೇಬೇಕು.

ಯಶವಂತಪುರದ ಮಗ್ಗುಲಿನ ವಿಜ್ಞಾನ ಮಂದಿರದಲ್ಲಿ ಆ ಕಲಿಕೆ ನಡೆದಿದೆ. ಹಬೆಯ ಬದಲು ಒತ್ತಿ ಹಿಡಿದ ಇಂಗಾಲಾಮ್ಲದಿಂದಲೇ ಚಕ್ರ ತಿರುಗಿಸುವ ವಿಧಾನಕ್ಕೆ ಅಲ್ಲಿ 2018ರಲ್ಲಿ ಪರೀಕ್ಷಾ ಘಟಕ ಆರಂಭವಾಯಿತು.

ಆದರೆ ಯಂತ್ರವೊಂದೇ ಸಾಲದು, ಹಟವೂ ಬೇಕು. ಗಂಧಕದ ಹೊಗೆಗೆ 2015ರಲ್ಲಿ ಸರ್ಕಾರ ಮಿತಿ ವಿಧಿಸಿತು. ಅದನ್ನು ತಡೆಯುವ ಯಂತ್ರ ಹೂಡುವುದರಿಂದ 2025ರಲ್ಲಿ ಬಹುಪಾಲು ಕೇಂದ್ರಗಳಿಗೆ ವಿನಾಯಿತಿ ದೊರೆಯಿತು. ಖರ್ಚು ಉಳಿಯಿತೆನ್ನೋಣ, ಉಳಿದದ್ದು ಯಾರ ಉಸಿರಿನ ಲೆಕ್ಕದಲ್ಲಿ ಎಂಬುದನ್ನು ನೀವೇ ಯೋಚಿಸಿರಿ.

ನಮ್ಮ ಕೈಯಲ್ಲಿಯೂ ಕೆಲಸವುಂಟು. ಪಂಪಿಗೆ ಕೆಪಾಸಿಟರ್ ಹಾಕಿಸಿರಿ. ತಂತಿಯಲ್ಲಿ ಪೋಲಾಗುವ ಶಕ್ತಿ ಉಳಿಯುತ್ತದೆ. ಹಳೆಯ ಮೋಟಾರು ಸುಟ್ಟಾಗ ಒಳ್ಳೆಯ ಗುಣಮಟ್ಟದ್ದನ್ನೇ ಕೊಳ್ಳಿರಿ. ಮನೆ ಕಟ್ಟುವವರು ಹಾರುಬೂದಿಯ ಇಟ್ಟಿಗೆಯನ್ನು ವಿಚಾರಿಸಿರಿ. ಕೆರೆಯ ಮಣ್ಣೂ ಉಳಿದೀತು. ನಾವು ಉಳಿಸಿದ ಒಂದೊಂದು ಯೂನಿಟ್ಟೂ ರಾಯಚೂರಿನ ರೈತನ ಪಾಲಿನ ಬೂದಿಯನ್ನು ಅಷ್ಟು ತಗ್ಗಿಸುತ್ತದೆ.